ಅಳಿಸಿಹೋದ ಚುಕ್ಕಿ

ಬೆಳಕಿನ ಕಥೆಗಳು | ಭಾಗ 4

ಹಸಿರು ಲೇಸರ್ ಪಾಯಿಂಟರ್ ನೋಡಿದೀರಲ್ವಾ? ಹಲವುಗಳ ಒಳಗೆ ಹಸಿರು ನೇರವಾಗಿ ಹುಟ್ಟೋದಿಲ್ಲ, ಅದು ಬರೋದು ಕಣ್ಣಿಗೆ ಕಾಣದ 1064 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಬೆಳಕಿನಿಂದ. ಒಳಗಿರೋ ಪುಟ್ಟ ಹರಳು ಅದರ ಆವರ್ತನವನ್ನ ದುಪ್ಪಟ್ಟು ಮಾಡುತ್ತೆ. ಆಗ ತರಂಗದ ಉದ್ದ ಅರ್ಧಕ್ಕಿಳಿದು 532 ಆಗುತ್ತೆ. ಅದೇ ನಮಗೆ ಕಾಣೋ ಹಸಿರು.

ಇದರ ಕಥೆ ಶುರುವಾಗಿದ್ದು 1961ರಲ್ಲಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. ಮೊದಲ ಲೇಸರ್ ಬಂದು ಆಗಿನ್ನೂ ವರ್ಷ ಕಳೆದಿತ್ತು ಅಷ್ಟೇ. ಪೀಟರ್ ಫ್ರಾಂಕೆನ್ ಮತ್ತು ಮೂವರು ಸಂಗಡಿಗರು ರೂಬಿ ಲೇಸರಿನ ಕೆಂಪು ಬೆಳಕನ್ನ ಕ್ವಾರ್ಟ್ಜ್ ಹರಳಿನೊಳಗೆ ಹಾಯಿಸಿದರು. ಫೋಟೋ ಪ್ಲೇಟಿನ ಮೇಲೆ 694.3 ನ್ಯಾನೋಮೀಟರ್ ಜಾಗದಲ್ಲಿ ದೊಡ್ಡ ಕಲೆ, ಸರಿಯಾಗಿ ಅರ್ಧದ ಜಾಗದಲ್ಲಿ ಒಂದು ಸಣ್ಣ ಚುಕ್ಕಿ. ಹತ್ತು ಕೋಟಿಯಲ್ಲಿ ಸುಮಾರು ಒಂದು ಪಾಲು ಬೆಳಕು ಮಾತ್ರ ಬದಲಾಗಿತ್ತು.

ಲೇಖನ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಅಚ್ಚಾಯ್ತು. ಚಿತ್ರದಲ್ಲಿ ಬಾಣದ ಗುರುತಿದೆ, ಬಾಣ ತೋರಿಸೋ ಚುಕ್ಕಿನೇ ಇಲ್ಲ! ಅಚ್ಚಿಗೆ ಸಿದ್ಧ ಮಾಡೋವಾಗ ಯಾರೋ ಅದನ್ನ ಧೂಳು ಅನ್ಕೊಂಡು ತೆಗೆದುಬಿಟ್ರು ಅಂತಾರೆ.

ಚುಕ್ಕಿ ಅಷ್ಟು ಮಂಕಾಗಿದ್ದಕ್ಕೂ ಕಾರಣ ಇತ್ತು. ಹರಳಿನೊಳಗೆ ಹಳೇ ಬೆಳಕು, ಹೊಸ ಬೆಳಕು ಬೇರೆ ಬೇರೆ ವೇಗದಲ್ಲಿ ಓಡ್ತವೆ. ಕೋಲಾಟದಲ್ಲಿ ತಾಳ ತಪ್ಪಿದ ಹಾಗೆ, ಒಂದು ಕಡೆ ಹುಟ್ಟಿದ ಅಲೆಯನ್ನ ಮುಂದೆ ಹುಟ್ಟಿದ ಅಲೆ ಅಳಿಸಿಹಾಕುತ್ತೆ. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಜಿಯೋರ್ಡ್‌ಮೇನ್, ಫೋರ್ಡ್ ಕಂಪನಿಯ ಮೇಕರ್ ಮತ್ತು ತಂಡ ಬೇರೆ ಬೇರೆಯಾಗಿ ಒಂದೇ ಉಪಾಯ ಕಂಡುಕೊಂಡರು: ಕೆಡಿಪಿ ಅನ್ನೋ ಹರಳನ್ನ ಸರಿಯಾದ ಕೋನಕ್ಕೆ ತಿರುಗಿಸಿದ್ರೆ ಎರಡರ ವೇಗವೂ ಒಂದೇ ಆಗುತ್ತೆ.

ಆದ್ರೆ ಒಂದು ಕೋನ ಒಂದೇ ಬಣ್ಣಕ್ಕೆ. 1966ರಲ್ಲಿ ಡೈ ಲೇಸರ್ ಬಂತು, ಮುಂದೆ ಅದರ ಬಣ್ಣವನ್ನೇ ಬೇಕಾದ ಹಾಗೆ ಬದಲಿಸೋಕೆ ಆಯ್ತು. ಆದರೆ ಪ್ರತಿ ಸಲ ಹರಳನ್ನೂ ತಿರುಗಿಸಬೇಕು. ಅತಿ ಚಿಕ್ಕ ಲೇಸರ್ ಮಿಂಚಿನಲ್ಲಂತೂ ನೂರಾರು ಬಣ್ಣ ಒಟ್ಟಿಗೇ ಇರ್ತವೆ, ಯಾವುದಕ್ಕೆ ಅಂತ ತಿರುಗಿಸೋದು? 1989ರಲ್ಲಿ ಮಾರ್ಟಿನೆಜ್, 1990ರಲ್ಲಿ ಸಾಬೊ ಮತ್ತು ಬೋರ್ ಪ್ರಶ್ನೆಯನ್ನೇ ತಿರುಗಿಸಿದರು. ಹರಳು ಅಲ್ಲೇ ಇರಲಿ, ಬೆಳಕನ್ನ ಮೊದಲೇ ಗ್ರೇಟಿಂಗ್‌ನಿಂದ ಹರಡಿ, ಪ್ರತಿ ಬಣ್ಣವನ್ನೂ ಅದರದರ ಕೋನದಲ್ಲೇ ಒಳಗೆ ಕಳಿಸೋಣ. ಆಚೆ ಬಂದ ಮೇಲೆ ಮತ್ತೆ ಒಟ್ಟು ಸೇರಿಸೋಣ.

ಫೋಟೋ ಹಾಕೋ ಆ್ಯಪಿನಲ್ಲಿ ಕೂತು ಹೇಳೋದು ತಮಾಷೆ ಅನ್ಸುತ್ತೆ, ಆದ್ರೆ ಇಲ್ಲಿ ಸಾಕ್ಷಿಯ ಫೋಟೋನೇ ಹಾಳಾಗಿತ್ತು. ಆದರೂ ಕೆಲಸ ಉಳೀತು, ಯಾಕಂದ್ರೆ ಬೇರೆಯವರು ಮತ್ತೆ ಮಾಡಿ ನೋಡಿದ್ರು, ಬೆಳಕು ಮತ್ತೆ ಬಂತು.

ಭಾಗ 5ರಲ್ಲಿ ಸಿಗೋಣ. ಡೌಟ್ ಇದ್ರೆ ಕೆಳಗೆ ಕೇಳಿ 👇

#ಬೆಳಕಿನಕಥೆಗಳು #ವಿಜ್ಞಾನದಇತಿಹಾಸ #ಲೇಸರ್