ನಂಜು, ವಿಷ, ವೈರಸ್

ಗಾಯ ಕೀವಾದರೆ 'ನಂಜಾಯಿತು' ಅನ್ನುತ್ತೇವೆ. ಹಾವು ಕಚ್ಚಿದಾಗ ಏರುವುದೂ ನಂಜೇ. ಹೊಲಿಗೆ ಹಾಕಿಸಿಕೊಂಡು ಬಂದವರಿಗೆ 'ಬದನೆಕಾಯಿ ಬೇಡ, ನಂಜು' ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. ವಿಷವನ್ನೂ ಸೋಂಕನ್ನೂ ಒಂದೇ ಪದದಲ್ಲಿ ಕಟ್ಟುವ ಈ ರೂಢಿ ಲ್ಯಾಟಿನ್ನಿನಲ್ಲೂ ಇತ್ತು. ಅಲ್ಲಿ 'ವೀರುಸ್' ಎಂದರೆ ಲೋಳೆ, ಹಾವಿನ ವಿಷ, ಘಾಟು. ಸಂಸ್ಕೃತದ 'ವಿಷ' ಅದರ ದಾಯಾದಿ. ರೋಮನ್ನರು 'ವೀರುಸ್' ಪದಕ್ಕೆ ಬಹುವಚನ ಬಳಸಿದ್ದು ಕಾಣದು. ನಾವೋ ಸಲೀಸಾಗಿ 'ವೈರಸ್ಸುಗಳು' ಅನ್ನುತ್ತೇವೆ.

1898ರಲ್ಲಿ ಹಾಲೆಂಡಿನ ಬೈಯರಿಂಕ್ ರೋಗ ಹತ್ತಿದ ತಂಬಾಕಿನ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿಯಲ್ಲಿ ಸೋಸಿದ. ಸೋಸಿದ ರಸವೂ ರೋಗ ಹಚ್ಚಿತು. ಅದನ್ನಾತ ವೈರಸ್ ಎಂದ. ಪದದ ಹರವು ಅಲ್ಲಿಂದ ಕಿರಿದಾಯಿತು.

ಕಿರಿದಾದ ಮೇಲೆ ಅದನ್ನು ಆಡಲು ಅಳುಕೂ ಬಂತು. ಅಮೆರಿಕದ ಬಾರ್ ಹಾರ್ಬರಿನಲ್ಲಿ ಜಾನ್ ಬಿಟ್ನರ್ ಸ್ತನ ಕ್ಯಾನ್ಸರ್ ಹೆಚ್ಚಿದ್ದ ತಳಿಯ ಇಲಿಮರಿಗಳನ್ನು ಹುಟ್ಟಿದೊಡನೆ ಬೇರೆ ತಳಿಯ ತಾಯಿಯ ಮಡಿಲಿಗೆ ಹಾಕಿದ. ಸಾಕುತಾಯಿಯ ಹಾಲು ಕುಡಿದು ಬೆಳೆದವುಗಳಲ್ಲಿ ಗಡ್ಡೆ ಕಡಿಮೆಯಾದವು. 1936ರಲ್ಲಿ ಇದನ್ನು ಪ್ರಕಟಿಸಿದ ಬಿಟ್ನರ್ ಹಾಲಿನಲ್ಲಿದ್ದ ಕಾರಣವನ್ನು ವೈರಸ್ ಎನ್ನಲಿಲ್ಲ. 'ಹಾಲಿನ ಪ್ರಭಾವ' ಎಂಬ ಮೆತ್ತನೆಯ ಹೆಸರು ಚಲಾವಣೆಗೆ ಬಂತು. ಕ್ಯಾನ್ಸರಿಗೆ ವೈರಸ್ ಕಾರಣವೆಂದರೆ ಮೂಗು ಮುರಿಯುವ ಕಾಲವದು. 1911ರಲ್ಲೇ ಕೋಳಿಯ ಗಡ್ಡೆಯಲ್ಲಿ ಅದನ್ನು ತೋರಿಸಿದ ಪೇಟನ್ ರೌಸ್‌ಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ. ಇಲಿಯ ಹಾಲಿನಲ್ಲಿದ್ದದ್ದು ಕೊನೆಗೂ ವೈರಸ್ಸೇ.

ಮನುಷ್ಯರಲ್ಲೂ ಹುಡುಕಾಟ ನಡೆಯಿತು. 1971ರಲ್ಲಿ ಮುಂಬೈಯ ಪಾರ್ಸಿ ಮಹಿಳೆಯರ ಎದೆಹಾಲಿನಲ್ಲಿ ಇಲಿಯ ವೈರಸ್ಸನ್ನೇ ಹೋಲುವ ಕಣಗಳು ಕಂಡವೆಂಬ ವರದಿ ಬಂದು ಕೋಲಾಹಲವಾಯಿತು. ಹೋಲಿಕೆಯಷ್ಟೇ, ರುಜುವಾತಾಗಲಿಲ್ಲ.

ಸ್ತನ ಕ್ಯಾನ್ಸರಿಗೆ ಆಮೇಲಿನ ಆರೋಪಿ ಎಪ್‌ಸ್ಟೀನ್-ಬಾರ್ ವೈರಸ್. 1964ರಲ್ಲಿ ಆಫ್ರಿಕಾದ ಮಕ್ಕಳ ಗಡ್ಡೆಯ ಜೀವಕೋಶಗಳಲ್ಲಿ ಕಾಣಿಸಿಕೊಂಡದ್ದು, ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿದೆ. 'ವೈರಾಣು' ಎಂದು ಕನ್ನಡಿಸಿದವರ ಜಾಣ್ಮೆಗೆ ತಲೆದೂಗಬೇಕು, ಸದ್ದೂ ಅರ್ಥವೂ ಕೂಡಿವೆ. ಆದರೆ ವಿಚಾರಣೆಗೆ ಮುನ್ನವೇ ವೈರಿ ಎಂದುಬಿಡುವ ಹೆಸರದು. ಎಪ್‌ಸ್ಟೀನ್-ಬಾರ್ ಬೀಡುಬಿಡುವುದು ರಕ್ತದ ಬಿ-ಲಿಂಫೋಸೈಟ್ ಕಣಗಳಲ್ಲಿ. ಅವು ಸ್ತನದ ಗಡ್ಡೆಯೊಳಕ್ಕೂ ನುಗ್ಗಿರುತ್ತವೆ. ಗಡ್ಡೆಯ ತುಣುಕನ್ನು ಅರೆದು ಪರೀಕ್ಷಿಸಿದಾಗ ವೈರಸ್ ಸಿಕ್ಕರೆ, ಅದು ಕ್ಯಾನ್ಸರ್ ಕೋಶದ್ದೋ ನೆಂಟನಂತೆ ಬಂದ ಲಿಂಫೋಸೈಟಿನದೋ? ಕೆಲವು ಪ್ರಯೋಗಾಲಯಗಳಿಗೆ ಅದು ಸಿಕ್ಕು, ಕೆಲವಕ್ಕೆ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಸ್ತನ ಕ್ಯಾನ್ಸರಿನ ಸಾಬೀತಾದ ಕಾರಣಗಳಲ್ಲಿ ಈವರೆಗೆ ಯಾವ ವೈರಸ್ಸೂ ಸೇರಿಲ್ಲ. ಇಲಿಯ ಕಥೆ ಕೇಳಿ ಎದೆಹಾಲಿಗೆ ಅಂಜಬೇಕಾಗಿಯೂ ಇಲ್ಲ: ಹಾಲೂಡಿಸುವ ತಾಯಂದಿರಿಗೆ ಈ ಕ್ಯಾನ್ಸರಿನ ಸಂಭವ ತಗ್ಗುತ್ತದೆ.