ಒಲೆಯ ಮುಂದೆ ಕಾಯುವವರು ಯಾರು? – ನಿಧಾನ ಅಡುಗೆಯ ಚರಿತ್ರೆ



ಚರಿತ್ರೆ ಎಂದೊಡನೆ ನಿಮಗೆ ನೆನಪಾಗುವುದು ಅರಸರು, ಯುದ್ಧಗಳು, ಒಪ್ಪಂದಗಳು. ಅಡುಗೆಮನೆಯ ಪಾತ್ರೆಗೂ ಚರಿತ್ರೆಯುಂಟು ಎಂದರೆ ನೀವು ನಗಬಹುದು. ಆದರೆ ಶಾಸನವನ್ನು ಓದುವಂತೆ ಪಾತ್ರೆಯನ್ನೂ ಓದಲು ಸಾಧ್ಯ. ಅದನ್ನು ಯಾರು ರೂಪಿಸಿದರು, ಯಾವ ಅಗತ್ಯಕ್ಕಾಗಿ ರೂಪಿಸಿದರು, ಅದರಿಂದ ಯಾರ ದುಡಿಮೆ ಹಗುರವಾಯಿತು ಎಂದು ಕೇಳಿದರೆ ಸಾಕು. ‘ಸ್ಲೋ ಕುಕ್ಕರ್’ ಎಂಬ ವಿದ್ಯುತ್ ಪಾತ್ರೆಯನ್ನು ಇಂದು ಹೀಗೆ ಓದಿ ನೋಡೋಣ.

ನಮ್ಮ ಮನೆಗಳಲ್ಲಿ ಕುಕ್ಕರ್ ಎಂದರೆ ಸೀಟಿ ಹಾಕುವ ಪ್ರೆಷರ್ ಕುಕ್ಕರ್. ಫ್ರೆಂಚ್ ವಿಜ್ಞಾನಿ ಡೆನಿಸ್ ಪ್ಯಾಪಿನ್ 1679ರಲ್ಲಿ ಲಂಡನ್ನಿನಲ್ಲಿ ರೂಪಿಸಿದ ಉಗಿಪಾತ್ರೆಯೇ ಅದರ ಪೂರ್ವಜ. ಒಳಗಿನ ಒತ್ತಡದಿಂದ ನೀರಿನ ಕುದಿಬಿಂದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಬೇಳೆ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಸ್ಲೋ ಕುಕ್ಕರ್‌ನದು ಇದಕ್ಕೆ ತದ್ವಿರುದ್ಧವಾದ ರೀತಿ. ಪಿಂಗಾಣಿಯಂಥ ದಪ್ಪ ಪಾತ್ರೆ, ಅದರ ಸುತ್ತ ಮಂದವಾಗಿ ಕಾಯುವ ವಿದ್ಯುತ್ ತಂತಿ, ಮೇಲೊಂದು ಮುಚ್ಚಳ. ಇಲ್ಲಿ ಅಡುಗೆ ಕುದಿಬಿಂದುವಿನ ಆಸುಪಾಸಿನ ಅಥವಾ ಅದಕ್ಕಿಂತ ಕಡಿಮೆ ಶಾಖದಲ್ಲಿ ಆರೆಂಟು ಗಂಟೆ ಬೇಯುತ್ತದೆ. ಸೀಟಿ ಎಣಿಸುವವರು ಬೇಡ, ಬಳಿಯಲ್ಲಿ ನಿಂತು ಸೌಟಾಡಿಸುವವರೂ ಬೇಡ.

ಈ ಪಾತ್ರೆಯ ಕಥೆ ಆರಂಭವಾಗುವುದು ಪೂರ್ವ ಯೂರೋಪಿನಲ್ಲಿ. ಯಹೂದಿಯರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಆ ಅವಧಿಯಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಆದರೂ ಶನಿವಾರ ಮಧ್ಯಾಹ್ನ ಬಿಸಿಯೂಟ ಬೇಕು. ಈ ಕಟ್ಟುಪಾಡಿನಿಂದಲೇ ‘ಚೋಲೆಂಟ್’ ಎಂಬ ಅಡುಗೆ ಬೆಳೆಯಿತು. ಹುರುಳಿಕಾಯಿ ಜಾತಿಯ ಕಾಳು, ಬಾರ್ಲಿ, ಆಲೂಗಡ್ಡೆ, ಈರುಳ್ಳಿ, ಮಾಂಸ ಇವನ್ನೆಲ್ಲ ಒಂದೇ ಮಡಕೆಗೆ ತುಂಬಿ, ಶುಕ್ರವಾರ ಸಂಜೆ ಊರಿನ ಬ್ರೆಡ್ ಭಟ್ಟಿಗೆ ಒಯ್ದು ಇಡುತ್ತಿದ್ದರು. ಭಟ್ಟಿಯ ಉಳಿದ ಶಾಖದಲ್ಲಿ ರಾತ್ರಿಯೆಲ್ಲ ಬೆಂದ ಆ ಮಡಕೆ ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮನೆ ಸೇರುತ್ತಿತ್ತು.

ಇಂದಿನ ಲಿಥುವೇನಿಯದ ರಾಜಧಾನಿ ವಿಲ್ನಿಯಸ್ ಅಂದು ವಿಲ್ನಾ ಎನಿಸಿಕೊಂಡಿತ್ತು. ಅಲ್ಲಿ ಬೆಳೆದು ಅಮೆರಿಕಕ್ಕೆ ವಲಸೆ ಹೋದ ತಮಾರಾ ಎಂಬ ಮಹಿಳೆ ತನ್ನ ಬಾಲ್ಯದ ಈ ಭಟ್ಟಿಯ ಕಥೆಯನ್ನು ಮಗನಿಗೆ ಹೇಳಿದಳು. ಮಗ ಇರ್ವಿಂಗ್ ನ್ಯಾಕ್ಸನ್ ಎಂಜಿನಿಯರ್. ಊರಿನ ಭಟ್ಟಿ ಮಾಡುತ್ತಿದ್ದ ಕೆಲಸವನ್ನು ಒಂದು ಪುಟ್ಟ ವಿದ್ಯುತ್ ಪಾತ್ರೆ ಮಾಡಬಾರದೇಕೆ ಎಂದು ಆತ ಯೋಚಿಸಿದ. 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1940ರ ಜನವರಿಯಲ್ಲಿ ಅದು ದೊರೆಯಿತು. ಮರುವರ್ಷವೇ ನಾಜಿ ಸೇನೆ ವಿಲ್ನಾವನ್ನು ಆಕ್ರಮಿಸಿತು. 1941ರಿಂದ 1944ರ ನಡುವೆ ಅಲ್ಲಿನ ಬಹುಪಾಲು ಯಹೂದಿಯರ ಹತ್ಯೆಯಾಯಿತು. ಭಟ್ಟಿಗೆ ಮಡಕೆ ಹೊತ್ತು ತರುತ್ತಿದ್ದ ಮನೆಗಳೇ ಇಲ್ಲವಾದವು. ತಾಯಿಯೊಬ್ಬಳು ಹೇಳಿದ ಮಾತಿನಿಂದಾಗಿ ಆ ಬದುಕಿನ ಒಂದು ತುಣುಕು ದೂರದ ದೇಶದಲ್ಲಿ ಪಾತ್ರೆಯ ರೂಪದಲ್ಲಿ ಉಳಿಯಿತು.

ನಮ್ಮ ದೇಶದಲ್ಲೂ ಇಂಥ ಪ್ರಯತ್ನ ಅದಕ್ಕಿಂತ ಮೊದಲೇ ನಡೆದಿತ್ತು. 1910ರಲ್ಲಿ ಬಂಗಾಳದ ವೈದ್ಯ ಇಂದುಮಾಧವ ಮಲ್ಲಿಕ್ ‘ಇಕ್ಮಿಕ್ ಕುಕ್ಕರ್’ ಎಂಬ ಉಪಕರಣವನ್ನು ತಯಾರಿಸಿದರು. ಉರುಳೆಯಾಕಾರದ ಲೋಹದ ಪಾತ್ರೆ. ಒಳಗೆ ಟಿಫಿನ್ ಕ್ಯಾರಿಯರ್‌ನಂತೆ ಒಂದರ ಮೇಲೊಂದು ಡಬ್ಬಿ. ಕೆಳಗೆ ಒಂದಿಷ್ಟು ಇದ್ದಿಲು. ಅನ್ನ, ಬೇಳೆ, ಪಲ್ಯ ಎಲ್ಲವೂ ಉಗಿಯಲ್ಲಿ ತಾವಾಗಿಯೇ ಬೇಯುತ್ತಿದ್ದವು. ಒಲೆಯ ಮುಂದೆ ಕೂರಲು ಬಿಡುವಿಲ್ಲದವರಿಗೆ ಇದು ಅನುಕೂಲವಾಯಿತು.

ಇನ್ನು ಅಮೆರಿಕಕ್ಕೆ ಮರಳೋಣ. ನ್ಯಾಕ್ಸನ್‌ನ ಪಾತ್ರೆ ಮೊದಲಿಗೆ ಕಾಳು ಬೇಯಿಸುವ ಸಾಧನವಾಗಿಯಷ್ಟೇ ಮಾರಾಟವಾಯಿತು. 1970ರಲ್ಲಿ ರೈವಲ್ ಕಂಪನಿ ಆತನ ಸಂಸ್ಥೆಯನ್ನು ಕೊಂಡು, 1971ರಲ್ಲಿ ‘ಕ್ರಾಕ್ ಪಾಟ್’ ಎಂಬ ಹೊಸ ಹೆಸರಿನಲ್ಲಿ ಪಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಆ ವರ್ಷ 20 ಲಕ್ಷ ಡಾಲರ್‌ಗಳಷ್ಟಿದ್ದ ಮಾರಾಟ 1975ರ ವೇಳೆಗೆ 9 ಕೋಟಿ 30 ಲಕ್ಷ ಡಾಲರ್ ಮುಟ್ಟಿತು. ಇದಕ್ಕೆ ಕಾರಣವೇನು? ಆ ದಶಕದಲ್ಲಿ ಲಕ್ಷಾಂತರ ಮಹಿಳೆಯರು ಮನೆಯ ಹೊರಗೆ ಉದ್ಯೋಗಕ್ಕೆ ಸೇರಿದರು. 1973ರ ತೈಲ ಬಿಕ್ಕಟ್ಟಿನಿಂದ ಇಂಧನ ಉಳಿತಾಯದ ಮಾತೂ ಬಲವಾಯಿತು. ಗೃಹಿಣಿ ದಿನವಿಡೀ ಹೊರಗಿದ್ದರೂ ಅಡುಗೆ ನಿಲ್ಲುವುದಿಲ್ಲ ಎಂಬುದೇ ಜಾಹೀರಾತುಗಳ ಸಾರವಾಗಿತ್ತು.

ಇಲ್ಲಿ ನೀವು ಗಮನಿಸಬೇಕಾದ ಅಂಶವೊಂದಿದೆ. ಯಂತ್ರ ಅವಳ ಕಾಯುವಿಕೆಯನ್ನು ತಪ್ಪಿಸಿತು, ಹೊಣೆಯನ್ನು ತಪ್ಪಿಸಲಿಲ್ಲ. ಬೆಳಿಗ್ಗೆ ತರಕಾರಿ ಹೆಚ್ಚಿಟ್ಟು ಹೋಗುವವಳೂ ಅವಳೇ, ಸಂಜೆ ಬಂದು ಬಡಿಸುವವಳೂ ಅವಳೇ. ಮನೆಗೆಲಸವನ್ನು ಯಾರು ಯಾರು ಹಂಚಿಕೊಳ್ಳಬೇಕೆಂಬುದು ಮನುಷ್ಯರು ತೀರ್ಮಾನಿಸಬೇಕಾದ ಸಂಗತಿ. ಯಾವ ಪಾತ್ರೆಯೂ ಅದನ್ನು ತೀರ್ಮಾನಿಸಲಾರದು.

ಆದ್ದರಿಂದ ಹುಡುಗರೂ ಹುಡುಗಿಯರೂ ಈ ಅಡುಗೆಯನ್ನು ಕಲಿಯಿರಿ. ಕೆಲವು ಸೂಚನೆಗಳು ನೆನಪಿರಲಿ. ಪಾತ್ರೆಯನ್ನು ಅರ್ಧದಿಂದ ಮುಕ್ಕಾಲು ಭಾಗದೊಳಗೆ ತುಂಬಿಸಿ. ಬೇಯಲು ಹೊತ್ತು ಹಿಡಿಯುವ ಗಡ್ಡೆ ತರಕಾರಿಗಳು ತಳದಲ್ಲಿರಲಿ. ಪದೇ ಪದೇ ಮುಚ್ಚಳ ತೆರೆದರೆ ಶಾಖ ಹೊರಟುಹೋಗಿ ಅಡುಗೆ ತಡವಾಗುತ್ತದೆ. ಮುಖ್ಯವಾದ ಎಚ್ಚರಿಕೆ ರಾಜ್ಮಾ ಕಾಳಿನದು. ಅದರಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದ್ದು, ಮಂದ ಶಾಖದಲ್ಲಿ ಅದು ನಾಶವಾಗುವುದಿಲ್ಲ. ವಾಂತಿ, ಭೇದಿ ಉಂಟಾಗಬಹುದು. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿದ ಮೇಲೆಯೇ ಸ್ಲೋ ಕುಕ್ಕರ್‌ಗೆ ಹಾಕಬೇಕು.

ನಮ್ಮ ಹಳ್ಳಿಗಳಲ್ಲೂ ಬೆರಣಿಯ ಕೆಂಡದ ಮೇಲೆ ಹಾಲಿನ ಮಡಕೆಯಿಟ್ಟು, ಕೆನೆ ಕೆಂಪಗಾಗುವವರೆಗೆ ಕಾಯಿಸುವ ರೂಢಿಯಿತ್ತು. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ: ಮನೆಯಲ್ಲಿ ಮೊದಲು ಎದ್ದು ಒಲೆ ಹಚ್ಚುತ್ತಿದ್ದವರು ಯಾರು? ಎಲ್ಲರ ಊಟವಾದ ಮೇಲೆ ಕೊನೆಗೆ ಉಣ್ಣುತ್ತಿದ್ದವರು ಯಾರು? ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಮಾರಾ ಹೇಳಿದ ಕಥೆಯನ್ನು ಮಗ ಕಿವಿಗೊಟ್ಟು ಕೇಳಿದ್ದರಿಂದಲೇ ಅದು ನಮ್ಮವರೆಗೆ ಬಂದಿದೆ.