ಬಾಗಲಕೋಟೆ ಸೀಮೆಯ ನಾಣ್ಯಗಳು ಮತ್ತು ಹೊಸ ಸಂಗ್ರಾಹಕನ ಕರ್ತವ್ಯ

ನಾಡಿನ ಚರಿತ್ರೆಯನ್ನು ಅರಿಯಲು ಶಾಸನ, ಗ್ರಂಥ, ದೇವಾಲಯಗಳಂತೆಯೇ ನಾಣ್ಯಗಳೂ ಪ್ರಮಾಣವಾದ ಆಧಾರಗಳೆಂಬುದು ವಿದಿತವಾದ ವಿಷಯ. ಆದರೆ ಬಂಡೆಯ ಮೇಲಿನ ಶಾಸನ ತಾನಿದ್ದಲ್ಲಿಯೇ ಇರುತ್ತದೆ. ನಾಣ್ಯವಾದರೋ ಕೈಯಿಂದ ಕೈಗೆ ಸಾಗುವುದಕ್ಕೆಂದೇ ಹುಟ್ಟಿದುದು. ಆದುದರಿಂದ ಅದು ತಾನು ದೊರೆತ ನೆಲದ ಗುರುತನ್ನು ಬಹುಬೇಗ ಕಳೆದುಕೊಳ್ಳುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ನಾಣ್ಯಸಂಗ್ರಹವನ್ನು ಹವ್ಯಾಸವಾಗಿ ಕೈಗೊಳ್ಳಬಯಸುವವರು ಎಲ್ಲಿಂದ ಪ್ರಾರಂಭಿಸಬೇಕು, ಅವರ ಸಂಗ್ರಹ ಇತಿಹಾಸಕ್ಕೆ ಹೇಗೆ ಉಪಯುಕ್ತವಾದೀತು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಬಾದಾಮಿಯನ್ನೇ ತೆಗೆದುಕೊಳ್ಳೋಣ. ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದನೆಂದು ಅಲ್ಲಿಯ ಬಂಡೆಗಲ್ಲಿನ ಶಾಸನ ತಿಳಿಸುತ್ತದೆ. ಮೂರನೆಯ ಗುಹೆಯ ಶಾಸನಕ್ಕೆ 578, ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ ಪ್ರಶಸ್ತಿಗೆ 634 ಎಂದು ಕಾಲ ನಿಶ್ಚಿತವಾಗಿದೆ. ಹೀಗೆ ಕಲ್ಲಿನಲ್ಲಿ ಇಷ್ಟು ಮಾತನಾಡಿದ ಈ ಅರಸುಮನೆತನದ ನಾಣ್ಯಗಳು ಯಾವುವು ಎಂದು ಕೇಳಿದರೆ ಉತ್ತರ ಸುಲಭವಲ್ಲ. ವರಾಹ ಚಿಹ್ನೆಯ ಕೆಲವು ಚಿನ್ನದ ನಾಣ್ಯಗಳನ್ನು ಇವರವೆಂದು ಹೇಳುವ ಪಕ್ಷ ಉಂಟು. ವರಾಹವು ಚಾಲುಕ್ಯರ ಲಾಂಛನವೆಂಬುದೂ ನಿಜ. ಆದರೆ ಅವುಗಳ ಮೇಲೆ ಅರಸನ ಹೆಸರಿಲ್ಲ. ಲಾಂಛನವಾದರೋ ಆ ವಂಶದ ಅನೇಕ ಶಾಖೆಗಳಿಗೆ ಸಾಮಾನ್ಯ. ಹೆಸರಿಲ್ಲದ ನಾಣ್ಯದ ಒಡೆಯನನ್ನು ನಿರ್ಣಯಿಸಲು ಅದು ದೊರೆತ ಸ್ಥಳ, ಅದರೊಡನೆ ದೊರೆತ ಬೇರೆ ವಸ್ತುಗಳು, ಅದರ ತೂಕ ಇವೇ ಮುಖ್ಯ ಸಾಧನಗಳು. ಮಾರಾಟದ ದಾರಿ ಹಿಡಿದ ನಾಣ್ಯದಲ್ಲಿ ತೂಕವೊಂದು ಮಾತ್ರ ಉಳಿಯುತ್ತದೆ. ಎರಡು ಶತಮಾನಗಳ ರಾಜ್ಯವೊಂದರ ಹಣದ ಚರಿತ್ರೆ ಮಸುಕಾಗಿರುವುದಕ್ಕೆ ಇದೊಂದು ಕಾರಣವೆಂದು ನಾವು ಭಾವಿಸುತ್ತೇವೆ.

ಹುನಗುಂದ ತಾಲ್ಲೂಕಿನ ಐಹೊಳೆಯು ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ಈ ಸಂಘದ ಶಾಸನಗಳು ದಕ್ಷಿಣ ದೇಶದಲ್ಲೆಲ್ಲ ಇರುವುದಲ್ಲದೆ, ಕ್ರಿ.ಶ. 1088ರ ತಮಿಳು ಶಾಸನವೊಂದು ಕಡಲಾಚೆಯ ಸುಮಾತ್ರ ದ್ವೀಪದ ಬಾರೂಸಿನಲ್ಲಿಯೂ ದೊರೆತಿದೆ. ಇಂಥ ವ್ಯಾಪಾರ ಹಣವಿಲ್ಲದೆ ನಡೆಯಲಾರದು. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಉಲ್ಲೇಖ ಹೇರಳ. ಲಕ್ಕುಂಡಿಯ ಟಂಕಸಾಲೆಯಿಂದ ಹೊರಟ ಲೊಕ್ಕಿಗದ್ಯಾಣವೂ ಪ್ರಸಿದ್ಧವಾದುದು. ಶಾಸನದಲ್ಲಿ ಓದಿದ ಹೆಸರನ್ನು ಅಂಗೈಯ ಮೇಲಿನ ಲೋಹದೊಡನೆ ಹೊಂದಿಸಿ ನೋಡುವುದು ನಾಣ್ಯಾಭ್ಯಾಸದ ಒಂದು ವಿಶೇಷ ಸಂತೋಷ.

ವಿಜಯನಗರದ ಕಾಲದಲ್ಲಿ ಸುಮಾರು 3.4 ಗ್ರಾಂ ತೂಕದ ಚಿನ್ನದ ವರಾಹ, ಅದರ ಅರ್ಧವಾದ ಪ್ರತಾಪ, ಹತ್ತನೆಯ ಒಂದು ಭಾಗವಾದ ಹಣ, ಇವಲ್ಲದೆ ತಾಮ್ರದ ಸಣ್ಣ ನಾಣ್ಯಗಳೂ ಚಲಾವಣೆಯಲ್ಲಿದ್ದವು. ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ ಇವು ಪ್ರಾರಂಭಿಕನೂ ಗುರುತಿಸಬಹುದಾದ ಚಿಹ್ನೆಗಳು. ಮುಂದೆ ವಿಜಾಪುರದ ಎರಡನೆಯ ಅಲಿ ಆದಿಲಶಾಹನು ಬೆಳ್ಳಿಯ ತಂತಿಯನ್ನು ಮಡಿಸಿ ಅಚ್ಚೊತ್ತಿದ ಲಾರಿಗಳನ್ನು ಹೊರಡಿಸಿದನು. ಪರ್ಷಿಯಾದ ಲಾರ್ ಎಂಬ ಊರಿನಿಂದ ಈ ಹೆಸರು ಬಂದಿದೆ. ನಾಣ್ಯವೆಂದರೆ ಗುಂಡಗಿನ ಬಿಲ್ಲೆಯೇ ಎಂದು ತಿಳಿದವರಿಗೆ ಇದನ್ನು ತೋರಿಸಬೇಕು.

ಬಾಗಲಕೋಟೆಯಲ್ಲಿಯೇ ಒಂದು ಟಂಕಸಾಲೆಯಿತ್ತೆಂಬುದನ್ನು ಇಂದು ಬಲ್ಲವರು ವಿರಳ. ಪೇಶವೆಯರ ಸರದಾರರಾದ ರಾಸ್ತೆ ಮನೆತನದ ಅಧೀನದಲ್ಲಿ ಈ ಊರು ಇದ್ದಾಗ ಇಲ್ಲಿ ಅಚ್ಚಾದ ಬೆಳ್ಳಿಯ ರೂಪಾಯಿಗೆ ಮಲ್ಹಾರಶಾಹಿ ಎಂದು ಹೆಸರು. ಮರಾಠರ ಕಾಲದ ಅನೇಕ ರೂಪಾಯಿಗಳಂತೆ ಇದರ ಬರಹವೂ ಫಾರಸಿಯದು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು ಆಗಿದ್ದರೆ ಬರಹದ ತುಂಡು ಮಾತ್ರ ಮೂಡುತ್ತದೆ. ಹಲವು ಬಿಡಿನಾಣ್ಯಗಳನ್ನು ಜೊತೆಗಿಟ್ಟಾಗಲೇ ಪೂರ್ಣ ವಾಕ್ಯ ದೊರೆಯುತ್ತದೆ. 1818ರಲ್ಲಿ ಪೇಶವೆಯರ ಆಳಿಕೆ ಕೊನೆಗೊಂಡಿತು. 1835ರ ಕಾಯಿದೆಯು 180 ಗ್ರೇನ್, ಎಂದರೆ ಸುಮಾರು 11.66 ಗ್ರಾಂ ತೂಕದ ಏಕರೂಪದ ಕಂಪನಿ ರೂಪಾಯಿಯನ್ನು ಜಾರಿಗೆ ತಂದಿತು. ಆ ಮೇಲೆ ಊರೂರಿನ ರೂಪಾಯಿಗಳು ಚಿನಿವಾರರ ಕೈಯಿಂದ ಪತ್ತಾರರ ಮೂಸೆಯನ್ನು ಸೇರುತ್ತ ಹೋದವು.

ಇಳಕಲ್ಲಿನ ಸ್ಥಿತಿ ಇನ್ನೊಂದು ಬಗೆಯದು. ಸೀರೆಯ ನೇಯ್ಗೆಗೆ ಹೆಸರಾದ ಈ ಪೇಟೆ ಮುಂಬಯಿ ಇಲಾಖೆಯ ಅಂಚಿನಲ್ಲಿತ್ತು. ಕುಷ್ಟಗಿ, ಲಿಂಗಸುಗೂರುಗಳು 1948ರವರೆಗೆ ನಿಜಾಮನ ಸೀಮೆ. ಆದುದರಿಂದ ಈ ಗಡಿಯ ಊರಿನಲ್ಲಿ ರಾಣಿ ವಿಕ್ಟೋರಿಯಾಳ ಮುದ್ರೆಯ ರೂಪಾಯಿಗಳನ್ನಲ್ಲದೆ ಚಾರಮಿನಾರದ ಚಿತ್ರವುಳ್ಳ ಹಾಲಿ ಸಿಕ್ಕಾಗಳನ್ನೂ ಹುಡುಕುವುದು ಉಚಿತ. ಹಳೆಯ ಪೆಟ್ಟಿಗೆಯೊಂದರಲ್ಲಿ ಎರಡೂ ಕೂಡಿ ದೊರೆತರೆ ಅವುಗಳನ್ನು ಬೇರ್ಪಡಿಸದೆ ಒಟ್ಟಾಗಿಯೇ ದಾಖಲಿಸಬೇಕು. ಹಾಗೆ ಕೂಡಿರುವುದೇ ಗಡಿಯಾಚೆಯ ವ್ಯಾಪಾರಕ್ಕೆ ಒಂದು ಸಾಕ್ಷಿ.

ಹೊಸ ಸಂಗ್ರಾಹಕನು ಚಿನ್ನದ ವರಾಹಕ್ಕೆ ಆಸೆಪಡಬೇಕಾಗಿಲ್ಲ. 1943ರಿಂದ 1947ರವರೆಗಿನ ತೂತಿನ ಪೈಸೆ, ಒಂದು ರೂಪಾಯಿಗೆ 16 ಆಣೆ, 192 ಪೈ ಎಂಬ ಲೆಕ್ಕದ ನಾಣ್ಯಗಳು, 1957ರ ಏಪ್ರಿಲ್ 1ರಂದು ಬಂದ ನಯೇ ಪೈಸೆಗಳು, ಇವು ಅಜ್ಜಿಯರ ಗಂಟುಗಳಲ್ಲಿ ಇನ್ನೂ ದೊರೆಯುತ್ತವೆ. ಇವುಗಳಿಂದ ಕಣ್ಣು ಪಳಗಿದ ಮೇಲೆ ಹಿಂದಿನ ಕಾಲಕ್ಕೆ ಹೋಗಬಹುದು. ನಾಣ್ಯವನ್ನು ಅಂಚಿನಿಂದ ಹಿಡಿಯಬೇಕು; ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ತಿಕ್ಕಬಾರದು, ಏಕೆಂದರೆ ಹೊಳಪಿನೊಡನೆ ಅಕ್ಷರಗಳೂ ಸವೆಯುತ್ತವೆ. ಪ್ರತಿಯೊಂದನ್ನು ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು ಲೋಹ, ತೂಕ, ಅಡ್ಡಳತೆ, ಎರಡು ಮುಖಗಳ ವಿವರ, ದೊರೆತ ಊರು ಮತ್ತು ದಿನಾಂಕಗಳನ್ನು ವಹಿಯಲ್ಲಿ ಬರೆಯಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಬೇಕು. 1071 ಎಂದಿದ್ದರೆ ಸುಮಾರು 1660-61. ಸೀತಾರಾಮರ ಪಟ್ಟಾಭಿಷೇಕವುಳ್ಳ ರಾಮಟಂಕಗಳು ಪೂಜೆಯ ಮುದ್ರೆಗಳೇ ಹೊರತು ಚಲಾವಣೆಯ ನಾಣ್ಯಗಳಲ್ಲವೆಂಬುದನ್ನೂ ನೆನಪಿಡಬೇಕು.

ಕಾನೂನಿನ ಅರಿವೂ ಅಗತ್ಯ. ನೆಲದಲ್ಲಿ ದೊರೆತ ನಿಧಿಯ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮ 1878ರ ಕಾಯಿದೆಯಿಂದಲೂ ಇದ್ದು, ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆಯುಂಟು. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯಂತೆ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ಬಿಡುವಿನ ವೇಳೆಯ ಆಸಕ್ತಿಯಿಂದಲೇ ಶಾಸನಗಳನ್ನೂ ನಾಣ್ಯಗಳನ್ನೂ ಕೂಡಿಹಾಕಿ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತು ಗ್ರಂಥ ರಚಿಸಿದನು. ಹವ್ಯಾಸವು ಶಾಸ್ತ್ರಕ್ಕೆ ನೆರವಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಹಲವು ಭಾಗಗಳು ಮುಳುಗಿ ಅನೇಕ ಮನೆತನಗಳು ನವನಗರಕ್ಕೆ ಬಂದಿವೆ. ಬಿಟ್ಟುಬಂದ ಓಣಿಯ ಹೆಸರು, ಪೆಟ್ಟಿಗೆಯಲ್ಲಿ ತಂದ ರೂಪಾಯಿಯ ಕಥೆ, ಇವನ್ನು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿರುವಾಗಲೇ ಹೊಸ ಸಂಗ್ರಾಹಕರು ವಹಿಯೊಂದನ್ನು ಹಿಡಿದು ಅವರ ಬಳಿ ಕುಳಿತುಕೊಳ್ಳಬೇಕು. ನಾಣ್ಯವು ಮನೆಯವರಲ್ಲಿಯೇ ಉಳಿಯಲಿ. ಅದರ ವಿವರ ಮಾತ್ರ ಬರಹಕ್ಕೆ ಬಂದರೆ ಈ ಸೀಮೆಯ ಚರಿತ್ರೆಗೆ ಅಷ್ಟೇ ದೊಡ್ಡ ಲಾಭ.